ನಿಂತು ಹೆಚ್ಚುವ ವಿದ್ಯೆ

ಇಷ್ಟು ವರ್ಷ ಅಡುಗೆಮನೆಯಲ್ಲೇ ಕಳೆದಿದ್ದರೂ ಅಲ್ಲಿರುವ ಒಂದು ಪಾತ್ರೆಯನ್ನೂ ನಾನಾಗಿ ಆರಿಸಿ ತಂದವಳಲ್ಲ ಎಂಬುದು ಈಚೆಗಷ್ಟೇ ನನಗೆ ಹೊಳೆಯಿತು. ಹೆಂಗಸರಿಗೆ ಪಾತ್ರೆಗಳ ಮೇಲೆ ಆಸೆ ಜಾಸ್ತಿ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆಸೆ ಇದ್ದೀತು, ಆಯ್ಕೆ ಎಲ್ಲಿತ್ತು? ಹಿತ್ತಾಳೆಯವು ಮದುವೆಯಲ್ಲಿ ತವರಿನಿಂದ ಬಂದವು. ಕಬ್ಬಿಣದ ಬಾಣಲೆ, ದೋಸೆಹಂಚು ನಿಮ್ಮ ತಾತ ರಾಯಕೋಟೆ ಸಂತೆಯಿಂದ ತಂದವು. ಸ್ಟೀಲಿನವೆಲ್ಲ ಆಯುಧಪೂಜೆಗೆ ನಿಮ್ಮಮ್ಮನ ಫ್ಯಾಕ್ಟರಿಯವರು ಕೊಟ್ಟವು. ನನ್ನನ್ನು ಕೇಳಿಕೊಂಡು ಮನೆಗೆ ಬಂದದ್ದು ಒಂದು ಸೌಟೂ ಇಲ್ಲ. ಕೇಳಲಿ ಎಂದು ನಾನೂ ಬಯಸಿದವಳಲ್ಲ. ಅಂಗಡಿಯವನು ನನ್ನ ಕಡೆ ನೋಡಿದರೆ ಸಾಕು, ಸೆರಗು ಎಳೆದುಕೊಂಡು ನಿಮ್ಮ ತಾತನ ಬೆನ್ನ ಹಿಂದೆ ಸರಿಯುತ್ತಿದ್ದೆ. ತಳಿ ಪೇಟೆಯ ಹತ್ತಿರದ ನಮ್ಮೂರ ಶಾಲೆಯಲ್ಲಿ ಮೇಷ್ಟರು ಹಾಜರಿ ಕೂಗುವಾಗ ನನ್ನ ಹೆಸರಿಗೆ "ಬಂದವ್ಳೆ ಸಾ" ಎನ್ನುತ್ತಿದ್ದದ್ದು ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ.

ಅಂಥವಳು ಜಪಾನಿಗೆ ಹೋಗಿ ಒಂದು ಬಾಣಲೆ, ಒಂದು ಚಾಕು ಆರಿಸಿಕೊಂಡು ಬಂದೆ. ನಂದೂ, ಚೇತೂ, ನಾನು ಪೆಟ್ಟಿಗೆ ಬಿಚ್ಚಿದಾಗ ನೀವಿಬ್ಬರೂ ಮುಖ ಸಪ್ಪಗೆ ಮಾಡಿಕೊಂಡು "ಅಷ್ಟು ದೂರ ಹೋಗಿ ಇದಾ ಅಜ್ಜಿ ತರೋದು?" ಎಂದಿರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನೀವು ನಡುವೆ ನಗುತ್ತೀರಿ, ನನಗೆ ಮಾತು ಮರೆತುಹೋಗುತ್ತದೆ.

ಎಲ್ಲ ಶುರುವಾದದ್ದು ನನ್ನ ಮೊಣಕಾಲಿನಿಂದ. ಇನ್ನು ನೆಲದ ಮೇಲೆ ಕೂರಲೇಬಾರದು ಎಂದು ಕೃಷ್ಣಗಿರಿಯ ಡಾಕ್ಟರು ಹೇಳಿಬಿಟ್ಟರು. ಕುರ್ಚಿಯಲ್ಲಿ ಕೂತು ಊಟ ಮಾಡಬಹುದು, ಕುರ್ಚಿಯಲ್ಲಿ ಕೂತು ಹೂವನ್ನೂ ಕಟ್ಟಬಹುದು. ಈಳಿಗೆಮಣೆಯನ್ನು ಏನು ಮಾಡುವುದು? ಅದರ ಮೇಲೆ ಕೂತರೆ ತಾನೇ ಅದು ಕೆಲಸ ಮಾಡುವುದು. ಒಂದು ಸಲ ಹಟ ಹಿಡಿದು ಅದನ್ನು ಮೇಜಿನ ಮೇಲೆ ಇಟ್ಟು ನೋಡಿದೆ. ನಾನು ಕುಂಬಳಕಾಯಿ ಒತ್ತಿದರೆ ಮಣೆ ಹಿಂದಕ್ಕೆ ಓಡಿತು. ನಾನು ಮಣೆ ಹಿಡಿದುಕೊಂಡರೆ ಕುಂಬಳಕಾಯಿ ಉರುಳಿ ಹೋಗಿ ನಿಮ್ಮಪ್ಪನ ಕಾಲಿನ ಮೇಲೆ ಬಿತ್ತು. ಹಳೆಯ ಕಬ್ಬಿಣದ ಬಾಣಲೆಯದು ಇನ್ನೊಂದು ಕಥೆ. ಒಗ್ಗರಣೆ ಸಮೇತ ಅದನ್ನು ಎತ್ತಿ ಸಾರಿಗೆ ಬಗ್ಗಿಸಲು ನನ್ನ ಮಣಿಕಟ್ಟು ಒಪ್ಪುತ್ತಿರಲಿಲ್ಲ. ನಿಮ್ಮಮ್ಮ ಇದನ್ನೆಲ್ಲ ನೋಡಿದಳು. ಒಂದು ದಿನ "ಸಾಕಮ್ಮ, ಅಡಿಗೆಗೆ ಒಬ್ರನ್ನ ಇಟ್ಬುಡ್ತೀನಿ. ನೀನು ಹಾಯಾಗಿ ಟಿವಿ ನೋಡ್ಕೊಂಡಿರು" ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ನನ್ನ ಸಾಮಾನೆಲ್ಲ ಕಟ್ಟಿ ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಬಂದ ಹಾಗಾಯಿತು. ಆದರೂ "ಆಯ್ತು ಬುಡು" ಎಂದೆ. ನನ್ನ ಬಾಯಿಂದ ಸುಲಭವಾಗಿ ಹೊರಡುವ ಮಾತು ಅದೊಂದೇ.

ಆಮೇಲೆ ನಿಮ್ಮಮ್ಮನನ್ನು ಫ್ಯಾಕ್ಟರಿಯವರು ಜಪಾನಿಗೆ ಟ್ರೈನಿಂಗಿಗೆ ಕಳಿಸಿದರು. ಅದು ಮುಗಿದ ಮೇಲೆ ಅವಳಿಗೆ ಕೆಲವು ದಿನ ರಜೆ ಸಿಕ್ಕಿತು. ಹೋಗಿ ಜೊತೆಗಿರೋಣವೆಂದರೆ ನಿಮಗೆ ಪರೀಕ್ಷೆ, ನಿಮ್ಮಪ್ಪನಿಗೆ ಶಿಫ್ಟು. ಬಿಡುವಾಗಿದ್ದವಳು ನಾನೊಬ್ಬಳೇ. ವಿಮಾನದ ವಿಚಾರ ನಿಮಗೆ ಆಗಲೇ ಹೇಳಿದ್ದೇನೆ, ಅಲ್ಲಿ ಮೋರಿಯಲ್ಲೂ ನೀರು ತಿಳಿಯಾಗಿ ಹರಿಯುತ್ತದೆ ಎಂಬುದನ್ನೂ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಪಾತ್ರೆ ಅಂಗಡಿಗಳ ಬೀದಿಯನ್ನು. ಬೀದಿಗೆ ಬೀದಿಯೇ ಪಾತ್ರೆ ಅಂಗಡಿ ಮಕ್ಕಳೇ! ಒಂದರಲ್ಲಿ ಬರೀ ಚಾಕು, ಒಂದರಲ್ಲಿ ಬರೀ ಬಟ್ಟಲು, ಒಂದರಲ್ಲಿ ಹೋಟೆಲಿನವರು ಬಾಗಿಲಲ್ಲಿ ತೋರಿಕೆಗೆ ಇಡುವ, ಊಟಕ್ಕೆ ಬಾರದ ಮೇಣದ ದೋಸೆಯಂಥದ್ದು, ಮೇಣದ ಮೀನು. ಸುಮ್ಮನೆ ನೋಡಿಕೊಂಡು ಹೋಗೋಣ ಎಂದು ನಿಮ್ಮಮ್ಮ ಕರೆದುಕೊಂಡು ಹೋದದ್ದು. ನನ್ನ ತಲೆಯೊಳಗೆ ಬೇರೆಯೇ ಲೆಕ್ಕ ಓಡುತ್ತಿತ್ತು. ನಿಂತುಕೊಂಡು ಹೆಚ್ಚುವಂಥ ಚಾಕು, ಕೈಗೆ ಭಾರವಾಗದ ಬಾಣಲೆ, ಇವೆರಡು ಸಿಕ್ಕಿದರೆ ಆ ಅಡುಗೆಯವಳು ಯಾಕೆ ಬರಬೇಕು?

ಬಾಣಲೆ ಅಂಗಡಿಯಲ್ಲಿ ಕನ್ನಡಕದ ಯಜಮಾನರೊಬ್ಬರು ಬಗ್ಗಿ ನಮಸ್ಕಾರ ಮಾಡಿದರು. ನಾನು ಕೂಡಲೇ "ಇದು ಇರುಂಬಾ?" ಎಂದು ಕೇಳಿದೆ. ಕಬ್ಬಿಣದ್ದಾ ಎಂದು ತಮಿಳಿನಲ್ಲಿ ಕೇಳಿದ್ದು ನನಗೇ ಗೊತ್ತಾಗಲಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಎಂದು ತಮಿಳುನಾಡಿನ ಗಡಿಯ ನಮ್ಮ ಕಡೆಯ ನಾಲಿಗೆ ಎಂದೋ ತೀರ್ಮಾನ ಮಾಡಿಕೊಂಡುಬಿಟ್ಟಿದೆ. ಅವರು ಮತ್ತೆ ಬಗ್ಗಿದರು. ಇವರಿಗೆ ತಮಿಳು ಬರುವುದಿಲ್ಲವೇನೋ ಎಂದುಕೊಂಡು ತೆಲುಗಿನಲ್ಲಿ ಕೇಳಿದೆ. ನಿಮ್ಮಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಅಮ್ಮಾ, ಇದೇನು ಡೆಂಕಣಿಕೋಟೆ ಅಂದ್ಕೊಂಡ್ಯಾ? ನನಗೆ ಹೇಳು, ನಾನು ಕೇಳ್ತೀನಿ."

ಅಷ್ಟು ದಿನದಲ್ಲಿ ಅವಳು ಅವರ ಭಾಷೆಯನ್ನು ಕೆಲಸ ನಡೆಯುವಷ್ಟು ಕಲಿತಿದ್ದಳು. ಆದರೆ ಬಾಣಲೆಯನ್ನು ಕೇಳಿ ತಿಳಿಯುವುದಕ್ಕೆ ಭಾಷೆ ಯಾಕೆ? ನಿಮ್ಮ ತಾತ ಸಂತೆಯಲ್ಲಿ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಿದ್ದರು. ಬೆನ್ನ ಹಿಂದೆ ನಿಂತವಳಿಗೆ ಕಾಣುತ್ತಿದ್ದದ್ದೇ ಅದು. ನಾನೂ ತಟ್ಟಲು ಶುರು ಮಾಡಿದೆ. ಒಳಗೆ ಕಪ್ಪು ಬಳಿದು ನುಣ್ಣಗೆ ಹೊಳೆಯುತ್ತಿದ್ದ ಬಾಣಲೆ ಮಂಡಿಗೆ ಮಂಡಿ ಬಡಿದ ಹಾಗೆ ದಬ್ ಎಂದಿತು. ಇನ್ನೊಂದು ಭಾರದ್ದು, ಎತ್ತುವ ಮೊದಲೇ ಮಣಿಕಟ್ಟು ಬೇಡವೆಂದಿತು. ಮೂಲೆಯಲ್ಲಿ ತೂಗುಹಾಕಿದ್ದ, ಉದ್ದ ಹಿಡಿಯ, ತೆಳು ಕಬ್ಬಿಣದ ಒಂದನ್ನು ತಟ್ಟಿದರೆ ಕಣ್‌ಣ್ ಎಂದು ಸುಮಾರು ಹೊತ್ತು ಹಾಡಿತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾಚಿಕೆಯಿಂದ ಸತ್ತುಹೋಗುವಂತಾಯಿತು, ಆದರೆ ಬಾಣಲೆ ಬಿಡಲು ಮನಸ್ಸು ಬರಲಿಲ್ಲ. ಅದರಲ್ಲಿ ಎಣ್ಣೆ ಇದೆ, ಸಾಸಿವೆ ಸಿಡಿಯುತ್ತಿದೆ ಎಂದು ಭಾವಿಸಿಕೊಂಡು ಎತ್ತಿ, ಇಲ್ಲದ ಸಾರಿನ ಪಾತ್ರೆಗೆ ಬಗ್ಗಿಸಿ, ಚುಂಯ್ ಎಂದು ಬಾಯಲ್ಲೇ ಸದ್ದು ಮಾಡಿ, ಮತ್ತೆ ನೆಟ್ಟಗೆ ಮಾಡಿದೆ. ಮಣಿಕಟ್ಟು ಏನೂ ಅನ್ನಲಿಲ್ಲ. ಯಜಮಾನರು ಮೆಲ್ಲಗೆ ಇನ್ನೊಂದು ಬಾಣಲೆ ಇಳಿಸಿಕೊಂಡು, ತಾವೂ ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದರು. ಅವರಿಗೆ ಏನು ಕೇಳಿಸಿತೋ, ಬಹಳ ಹೊತ್ತು ತಲೆ ಆಡಿಸುತ್ತಿದ್ದರು.

ಬಾಣಲೆ ಆಯಿತು. ಚಾಕು ಅಷ್ಟು ಸುಲಭವಾಗಲಿಲ್ಲ. ಎದುರಿನ ಅಂಗಡಿಯ ಗೋಡೆ ತುಂಬ ಚಾಕು. ಮೀನಿಗೊಂದು, ಬ್ರೆಡ್ಡಿಗೊಂದು, ಹಣ್ಣಿನ ಸಿಪ್ಪೆಗೊಂದು. ನಮ್ಮ ಈಳಿಗೆ ಒಂದೇ ಅಲಗಿನಲ್ಲಿ ಹಲಸಿನಕಾಯಿಯಿಂದ ಕೊತ್ತಂಬರಿ ಸೊಪ್ಪಿನವರೆಗೆ ನೋಡಿಕೊಂಡು, ಮೂಗಿನ ತುದಿಯಲ್ಲಿ ತೆಂಗಿನಕಾಯಿಯನ್ನೂ ತುರಿಯುತ್ತಿತ್ತು. ಇವರ ಮನೆಯಲ್ಲಿ ಅಡುಗೆ ಮಾಡುವವರಿಗಿಂತ ಚಾಕುಗಳೇ ಜಾಸ್ತಿಯೇ ಎಂದು ಅಚ್ಚರಿಪಟ್ಟೆ. ಅಂಗಡಿಯಾಕೆ ನನ್ನ ವಯಸ್ಸಿನವಳೇ. ಒಂದು ಚಾಕುವನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು, ಬಗ್ಗಿ, ಪ್ರಸಾದ ಕೊಡುವ ಹಾಗೆ ನನ್ನ ಮುಂದೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ಇಡು ಎಂದು ಬೆರಳು ತೋರಿಸಿದೆ. ಆಕೆ ಇನ್ನೂ ಬಗ್ಗಿದಳು. ನಾನು ಮತ್ತೆ ಮೇಜು ತೋರಿಸಿದೆ. ಆಕೆ ಮತ್ತೂ ಬಗ್ಗಿದಳು.

"ತಗೊಳಮ್ಮಾ, ಪಾಪ ಅವರಿಗೆ ಸೊಂಟ ಹಿಡ್ಕೊಂಡೀತು!" ನಿಮ್ಮಮ್ಮ ಪಿಸುಗುಟ್ಟಿದಳು.

"ಕೈಯಿಂದ ಕೈಗೆ ಚಾಕು ಇಸ್ಕೊಂಡ್ರೆ ಇಬ್ರಿಗೂ ಜಗಳ ಆಯ್ತದೆ ಕಣೇ. ಕೆಳಗಿಡಕ್ಕೆ ಹೇಳು, ಎತ್ಕೊಂತೀನಿ."

"ಈಯಮ್ಮನ ಜೊತೆ ನೀನು ಯಾವಾಗ ಜಗಳಕ್ಕೆ ಹೋಗ್ತೀಯಾ? ನಾಳಿದ್ದು ಊರಿಗೆ ಹೋಗ್ತಾ ಇದೀವಿ!"

"ಒಂದು ದಿನ ಸಾಲದಾ ಜಗಳಕ್ಕೆ?"

ಕೊನೆಗೆ ನಿಮ್ಮಮ್ಮನೇ ಅದನ್ನು ಇಸಿದುಕೊಂಡು ನನ್ನ ಕೈಗೆ ತುರುಕಿದಳು. ಗಡಿಬಿಡಿಯಲ್ಲಿ ನಾನೂ ಹಿಡಿದುಕೊಂಡೆ.

ಅಂಗಡಿಯಾಕೆ ಹಲಗೆಯ ಮೇಲೆ ಒಂದು ಮೂಲಂಗಿ ಇಟ್ಟು, ಹೆಚ್ಚಿ ನೋಡಿ ಎಂದು ಸನ್ನೆ ಮಾಡಿದಳು. ನಾನು ಚಾಕುವಿನ ಹಿಡಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು ಹಲಗೆಗೆ ಒತ್ತಿಕೊಂಡೆ, ಅಲಗನ್ನು ಮೇಲ್ಮುಖ ಮಾಡಿದೆ, ಎಡಗೈಯಲ್ಲಿ ಮೂಲಂಗಿ ತೆಗೆದುಕೊಂಡು ಅಲಗಿನ ಮೇಲೆ ಒತ್ತಿದೆ. ಇದರಲ್ಲಿ ತಪ್ಪೇನಿದೆ ಎಂದು ನನಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಅಲಗು ಇದ್ದಲ್ಲಿ ಇರುತ್ತದೆ, ತರಕಾರಿಯೇ ಅದರ ಬಳಿಗೆ ಹೋಗುತ್ತದೆ. ಅಂಗಡಿಯಾಕೆ ಚೀರಿದಳು. ನಿಮ್ಮಮ್ಮ ನನ್ನ ಕೈ ಹಿಡಿದುಕೊಂಡಳು. ಮೊದಲು ನಕ್ಕಳು, ಆಮೇಲೆ ಮುಖ ಚಿಕ್ಕದು ಮಾಡಿಕೊಂಡು "ಬ್ಯಾಡಮ್ಮಾ, ಬೆರಳು ಹೋಗ್ಬುಡ್ತದೆ. ನಡಿ" ಎಂದಳು.

ನಡಿ ಎಂದರೆ ನಡೆಯುವುದು ನನ್ನ ಅಭ್ಯಾಸ. ಅವತ್ತು ಕಾಲು ಏಳಲಿಲ್ಲ. ಇಲ್ಲಿಂದ ಹೊರಟರೆ ನೇರವಾಗಿ ಟಿವಿ ಮುಂದಕ್ಕೇ ಎಂದು ಗೊತ್ತಿತ್ತು. ನೀನೇ ಹೆಚ್ಚಿ ತೋರಿಸು ಎಂದು ಆಕೆಗೆ ಸನ್ನೆ ಮಾಡಿ, ಹಲಗೆಯ ಹತ್ತಿರಕ್ಕೆ ಮುಖ ತಂದು ನೋಡುತ್ತ ನಿಂತೆ. ನೋಡಿದಷ್ಟೂ ಕುತೂಹಲವಾಯಿತು. ಚಾಕು ಓಡಾಡುತ್ತದೆ ಎಂದು ನಾನು ತಿಳಿದಿದ್ದೆ. ಅದು ಓಡಾಡುವುದೇ ಇಲ್ಲ! ತುದಿ ಹಲಗೆಗೆ ಅಂಟಿಕೊಂಡ ಹಾಗೆ ಇರುತ್ತದೆ, ಹಿಂಭಾಗ ಮಾತ್ರ ಏತದ ಹಾಗೆ ಎದ್ದು ಇಳಿಯುತ್ತದೆ. ಎಡಗೈ ಬೆರಳು ಮಡಚಿಕೊಂಡು ಮೂಲಂಗಿಯನ್ನು ಅದರ ಕೆಳಕ್ಕೆ ತಳ್ಳುತ್ತ ಹೋಗುತ್ತದೆ. ಅಂದರೆ ಇಲ್ಲೂ ತರಕಾರಿಯೇ ಅಲಗಿನ ಬಳಿಗೆ ಹೋಗುವುದು! ನನಗೆ ಒಳ್ಳೆ ನಂಟರು ಸಿಕ್ಕಿದ ಹಾಗಾಯಿತು.

ಆಮೇಲೆ ಗೋಡೆಯ ಚಾಕುಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದೆ. ಅಲೆ ಅಲೆ ಗೆರೆಯಿದ್ದ ಒಂದನ್ನು ನಿಮ್ಮಮ್ಮ ಬಹಳ ಮೆಚ್ಚಿದಳು. ನೋಡಲು ಪಟ್ಟೆಸೀರೆಯ ಹಾಗಿತ್ತು, ಆದರೆ ಅಲಗು ನೆಟ್ಟಗಿತ್ತು, ತುದಿ ಊರಿದರೆ ಹಿಂಭಾಗ ಕುಣಿಯುತ್ತಿರಲಿಲ್ಲ. ನನಗೆ ಹೊಂದಿದ್ದು ಸುಮಾರು ಗಾತ್ರದ, ಹೊಟ್ಟೆ ಕೊಂಚ ಉಬ್ಬಿದ, ಮರದ ಹಿಡಿಯ ಸಾದಾ ಚಾಕು. ಅದರಲ್ಲಿ ಉಳಿದ ಮೂಲಂಗಿಯನ್ನೆಲ್ಲ ಹೆಚ್ಚಿ ಮುಗಿಸಿದೆ. ಒಂದು ತುಂಡು ನಾಣ್ಯದ ಹಾಗೆ, ಒಂದು ಅಡಿಗಲ್ಲಿನ ಹಾಗೆ. ಬೆರಳೆಲ್ಲ ಇದ್ದಲ್ಲೇ ಇದ್ದವು.

ರೈಲು ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಾಗ ನಿಮ್ಮಮ್ಮ ಮೆತ್ತಗೆ ಹೇಳಿದಳು. "ಒಂದು ಮೂಲಂಗಿ ಹೆಚ್ಚಿದ್ದಕ್ಕೆ ಆಗೋಯ್ತಾ ಅಮ್ಮ? ದಿನಾ ಐದು ಜನದ ಅಡಿಗೆ. ಆ ಹೆಂಗಸಿಗೆ ಒಂದನೇ ತಾರೀಖಿಂದ ಬಾ ಅಂತ ಆಗ್ಲೇ ಹೇಳ್ಬುಟ್ಟಿದೀನಿ."

"ಆಯ್ತು ಬುಡು" ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಸುತ್ತ ನೋಡಿದೆ. ಹೊಸೂರಿನಲ್ಲಿ ಕನ್ನಡದಲ್ಲಿ ಕೂಗಾಡಿದರೆ ಎಡಗಡೆಯ ಮನೆಗೆ ತಿಳಿಯುತ್ತದೆ, ತಮಿಳಿನಲ್ಲಾದರೆ ಬಲಗಡೆಯವರಿಗೆ, ತೆಲುಗಿನಲ್ಲಾದರೆ ಮಹಡಿಯವರಿಗೆ. ನಾಚಿಕೆಯವಳು ಜಗಳವಾಡಲು ನಮ್ಮೂರಿನಲ್ಲಿ ಒಂದು ಭಾಷೆಯೂ ಉಳಿದಿಲ್ಲ. ಇಲ್ಲಿ ಅಷ್ಟು ದೊಡ್ಡ ನಿಲ್ದಾಣದಲ್ಲಿ ನನ್ನ ಮಾತು ತಿಳಿಯುವವಳು ನನ್ನ ಮಗಳೊಬ್ಬಳೇ! ಎದ್ದು ನಿಂತುಕೊಂಡೆ.

"ಯಾರನ್ನ ಕೇಳಿ ಬಾ ಅಂದೆ? ನಿಮ್ಮಪ್ಪ ತೀರೋದ್ಮೇಲೆ ನಾನು ಬಾಯ್ಬುಟ್ಟು ಮಾತಾಡೋ ಜಾಗ ಅದೊಂದೇ ಕಣೇ! ನೀನು ಡ್ಯೂಟಿಯಿಂದ ಬಂದು ಒಲೆ ಹತ್ರ ನಿಂತ್ರೆ ನಿನ್ನ ಸುದ್ದಿ ಗೊತ್ತಾಯ್ತದೆ. ಮಕ್ಳು ತಿಂಡಿಗೆ ಬಂದ್ರೆ ಸ್ಕೂಲಿನ ಸುದ್ದಿ ಗೊತ್ತಾಯ್ತದೆ. ಅಲ್ಲಿ ಇನ್ನೊಬ್ಳನ್ನ ನಿಲ್ಲಿಸ್ಬುಟ್ರೆ ನೀವೆಲ್ಲ ಅವಳ ಹತ್ರ ಮಾತಾಡ್ತೀರಿ. ನಾನು ಟಿವಿ ಹತ್ರ ಮಾತಾಡ್ಲಾ?"

ನನ್ನ ದನಿ ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಬೆಂಚಿನವರು ಬಹಳ ಮರ್ಯಾದೆಯಿಂದ ಎದ್ದು ದೂರ ಹೋದರು. ನಿಮ್ಮಮ್ಮ ನನ್ನ ಕೈ ಹಿಡಿದು ಮತ್ತೆ ಬೆಂಚಿನ ಮೇಲೆ ಕೂರಿಸಿದಳು. ಕಣ್ಣು ಒದ್ದೆಯಾಗಿತ್ತು.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಅಲ್ಲಿ ಎಲ್ಲಾರ್ಗೂ ಕೇಳಿಸ್ತದಲ್ಲ."

ಅವಳಿಗೆ ಅಳುವಿನಲ್ಲೇ ನಗು ಬಂತು. "ನನ್ನ ಕೈಯಿಂದ ಚಾಕು ಇಸ್ಕೊಂಡ್ಯಲ್ಲ, ನೋಡು, ಜಗಳ ಒಂದು ಗಂಟೇನೂ ತಡೀಲಿಲ್ಲ" ಎಂದಳು. ನನ್ನ ಕೈಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, "ಸರಿ, ಸದ್ಯಕ್ಕೆ ಅವಳಿಗೆ ಬ್ಯಾಡ ಅಂತೀನಿ. ನಿನ್ನ ಕೈಲಿ ಆಗುತ್ತೋ ಇಲ್ವೋ, ಸ್ವಲ್ಪ ದಿನ ನೋಡೋಣ" ಎಂದಳು. ನೋಡೋಣ ಎಂದರೆ ಅವಳು ನಿಜವಾಗಿಯೂ ನೋಡುವವಳು. ಫ್ಯಾಕ್ಟರಿಯಲ್ಲಿ ಅವಳ ಕೆಲಸವೇ ಅದಲ್ಲವೇ? ಒಂದು ಬೋಲ್ಟು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ವಾಪಸ್ ಕಳಿಸುವುದು.

ಹೊಸ ಬಾಣಲೆಗೆ ಈರುಳ್ಳಿ, ಎಣ್ಣೆ ತಿಕ್ಕಿ ತಿಕ್ಕಿ ಪಳಗಿಸಿದ್ದನ್ನು ನೀವು ನೋಡಿದ್ದೀರಿ. ನಾನು ಕಟ್ಟೆಯ ಮುಂದೆ ನಿಂತು ಹೆಚ್ಚುವುದನ್ನೂ ನೋಡಿದ್ದೀರಿ. ಮೊನ್ನೆ ಹುರುಳಿಕಾಯಿ ಪಲ್ಯ ಮಾಡಿದ್ದೆ. ನಂದು ತಟ್ಟೆಯಲ್ಲಿ ಒಂದು ತುಂಡಿನ ಪಕ್ಕಕ್ಕೆ ಇನ್ನೊಂದು ತುಂಡು ಜೋಡಿಸಿ, "ನೋಡು, ಇದು ಮಗು, ಇದು ಅದರಪ್ಪ" ಎಂದು ಚೇತುವಿಗೆ ತೋರಿಸುತ್ತಿದ್ದಳು. ಅಷ್ಟರಲ್ಲಿ ನಿಮ್ಮಮ್ಮ ಡ್ಯೂಟಿಯಿಂದ ಬಂದಳು, ಬಟ್ಟೆ ಕೂಡ ಬದಲಾಯಿಸದೆ ಒಲೆ ಹತ್ತಿರ ನಿಂತು, ಬಾಣಲೆಯಿಂದ ಒಂದು ಉದ್ದನೆಯ ತುಂಡು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ನಾನು ಒಲೆ ಸಣ್ಣ ಮಾಡಿ ಅವಳ ಮುಖವನ್ನೇ ನೋಡಿದೆ. ಅವಳು ಅದನ್ನು ಬಾಯಿಗೆ ಹಾಕಿಕೊಂಡು, ಸೂಪರ್‌ವೈಸರ್ ಅವತ್ತು ಏನೆಂದ ಎಂಬ ಸುದ್ದಿ ಶುರು ಮಾಡಿದಳು. ಪಲ್ಯ ಪಾಸಾಯಿತೋ, ಅವಳಿಗೆ ಹಸಿವು ಜಾಸ್ತಿಯಾಗಿತ್ತೋ, ನಾನು ಕೇಳಲು ಹೋಗಲಿಲ್ಲ. ಪಾಸಾದ ಮೇಲೆ ಮಾರ್ಕು ಎಷ್ಟು ಎಂದು ಕೇಳಿ ಯಾರಾದರೂ ಸಿಕ್ಕಿಹಾಕಿಕೊಳ್ಳುತ್ತಾರೆಯೇ?