ಹೆಸರು ಕೂಗುವ ಹೊತ್ತು

ಕುಮಾರೇಶನ ಕಷ್ಟಕ್ಕೆಲ್ಲ ಮೂಲ ಅವನ ಹೆಸರು. ಹೆಸರಿನಲ್ಲಿ ಊನವೇನೂ ಇರಲಿಲ್ಲ. ಅದನ್ನು ಅವನ ಹೆಂಡತಿ ಸರಳಾ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ಮದುವೆಯ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಗಂಡನ ಹೆಸರು ಹೇಳಿಸುವ ಶಾಸ್ತ್ರದಲ್ಲಿ ಒಂದೇ ಒಂದು ಸಲ ಹೇಳಿದ್ದಳು. ಅದೂ ಓಲಗದ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಲ್ಲ. ಆಮೇಲೆ ಅವನ ತಾಯಿ ಅಕ್ಕಯಮ್ಮ, "ಗಂಡನ ಹೆಸ್ರು ಕೂಗಿದ್ರೆ ಅವನ ಆಯಸ್ಸು ಕಮ್ಮಿ ಆಯ್ತದೆ" ಎಂದು ಸೊಸೆಯ ಬಾಯಿಗೆ ಬೀಗ ಜಡಿದುಬಿಟ್ಟಳು. ಅಂದಿನಿಂದ ಅವನು ಮನೆಯಲ್ಲಿ "ಏನ್ರೀ", ಬೀದಿಯಲ್ಲಿ "ನಮ್ಮೋರು". ಗಂಡ ಹೆಂಡತಿ ಇಬ್ಬರೂ ದುಡಿಯುವ ಹೊಸೂರಿನ ಕಾರ್ಖಾನೆಯಲ್ಲಿ "ಏಳನೇ ಮಿಷಿನ್ನೋರು".

ಹೀಗೇ ಸುಖವಾಗಿ ನಡೆದುಹೋಗುತ್ತಿತ್ತು. ಆದರೆ ಈ ವರ್ಷ ಕಂಪನಿಯವರಿಗೆ ಹೆಂಗಸರನ್ನು ಮೇಲೆ ತರಬೇಕೆಂಬ ಮನಸ್ಸು ಬಂತು. ಕುಮಾರೇಶ ದುಡಿಯುತ್ತಿದ್ದ ಮಿಷಿನ್ ಶಾಪಿನ ಮ್ಯಾನೇಜರ್ ನಾರಾಯಣಸ್ವಾಮಿ ನಿವೃತ್ತರಾಗುತ್ತಿದ್ದರು. ಆ ಜಾಗಕ್ಕೆ ಹೆಂಗಸೇ ಬರಲಿ ಎಂದು ಮಾತಾಯಿತು. ತಯಾರಾದ ಭಾಗಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದ ಸರಳಾ ಅರ್ಜಿ ಹಾಕಿದಳು. ಹಾಕು ಹಾಕು ಎಂದು ದುಂಬಾಲು ಬಿದ್ದವನು ಕುಮಾರೇಶನೇ. ಅವಳು ಒಲೆಯ ಮುಂದೆ ಕೂತು ಇಂಗ್ಲಿಷಿನಲ್ಲಿ ಉತ್ತರ ಹೇಳಿಕೊಳ್ಳುವಾಗ ಎದುರಿಗೆ ಕೂತು ಪ್ರಶ್ನೆ ಕೇಳಿದವನೂ ಅವನೇ. ಅವನಿಗೆ ಅವಳ ಮೇಲೆ ನಿಜವಾಗಿ ಹೆಮ್ಮೆಯಿತ್ತು.

ತೊಡಕು ಹೊಳೆದದ್ದು ಸಂದರ್ಶನದ ದಿನ ಬೆಳಗ್ಗೆ, ಅದೂ ಪಕ್ಕದ ಮನೆಯ ಪಿಳ್ಳಮ್ಮನಿಗೆ. ಅವಳ ಅಳಿಯ ಅದೇ ಕಂಪನಿಯಲ್ಲಿದ್ದುದರಿಂದ ಅಲ್ಲಿನ ಕಾನೂನೆಲ್ಲ ಅವಳ ಸೆರಗಿನ ತುದಿಯಲ್ಲಿತ್ತು. ಸರಳಾ ಆಗಲೇ ಸ್ಕೂಟರ್ ಹತ್ತಿ ಹೊರಟುಹೋಗಿದ್ದಳು. ಅಕ್ಕಯಮ್ಮ ಮುದ್ದೆ ತೊಳಸುತ್ತಿದ್ದಳು.

"ಅಲ್ಲ ಕಣಕ್ಕ, ಶಿಫ್ಟು ಶುರುವಾಗೋಕ್ ಮುಂಚೆ ಎಲ್ಲಾರ್ನೂ ಸಾಲಾಗಿ ನಿಲ್ಸಿ ಒಬ್ಬೊಬ್ರ ಹೆಸ್ರನ್ನೂ ಮ್ಯಾನೇಜರ್ರೇ ಕೂಗ್ಬೇಕಂತೆ. ನಿನ್ ಸೊಸೆ ದಿನಕ್ಕೊಂದ್ಸಲ ಇವನ ಹೆಸ್ರು ಕೂಗ್ತಾ ಹೋದ್ರೆ ಇವನ್ ಗತಿ ಏನು?"

ಅಕ್ಕಯಮ್ಮನ ಕೈ ನಿಂತಿತು. ಸ್ವಲ್ಪ ಯೋಚಿಸಿ, "ಭಾನ್ವಾರ ರಜ ಐತಲ್ಲ, ಅದೊಂದು ಉಳೀತದೆ" ಎಂದಳು. ದನಿಯಲ್ಲಿ ಧೈರ್ಯವಿರಲಿಲ್ಲ.

ಕುಮಾರೇಶ ನಕ್ಕು ಷೂ ಮೆಟ್ಟಿದ. ಆಯಸ್ಸಿನ ಮಾತನ್ನು ಅವನೇನೂ ನಂಬುವವನಲ್ಲ. ಆದರೆ ಸಾಲಿನಲ್ಲಿ ನಿಂತು ಹೆಂಡತಿಗೆ "ಇದ್ದೀನಿ ಮೇಡಂ" ಅನ್ನುವ ಚಿತ್ರ ಕಣ್ಣ ಮುಂದೆ ಬಂದು ನಗು ಅಲ್ಲೇ ಒಣಗಿತು. ಒಣಗಿದ್ದಕ್ಕೆ ಕಂಪನಿ ಬಸ್ಸಿನಲ್ಲಿ ಒಂಬತ್ತನೇ ಮಿಷಿನ್ನಿನ ರಾಮಮೂರ್ತಿ ಉಪ್ಪು ಸವರಿದ.

"ಏನ್ಲಾ, ಇನ್ಮ್ಯಾಕೆ ರಜಾ ಅರ್ಜಿ ಮನೇಲೇ ಕೊಟ್ಬುಡ್ತೀಯಾ? ಸಾರಿಗೆ ಉಪ್ಪು ಕಮ್ಮಿ ಅಂದ್ಗಿಂದೀಯ, ಮೆಮೋ ಬತ್ತದೆ."

ಬಸ್ಸಿಗೆ ಬಸ್ಸೇ ನಕ್ಕಿತು. ಗೇಟಿನಲ್ಲಿ ತಮಿಳಿನ ಕಾವಲುಗಾರ "ವಾಂಗ, ಮೇಡಂ ವೀಟ್ಟುಕ್ಕಾರರೇ" ಎಂದು ಸಲಾಮು ಹೊಡೆದ. ಮೇಡಮ್ಮನ ಗಂಡನಾಗುವುದಕ್ಕೆ ಮುಂಚೆ, ಅಂದರೆ ನಿನ್ನೆಯವರೆಗೆ, ಇದೇ ಮನುಷ್ಯ ಕುಮಾರೇಶನ ಊಟದ ಡಬ್ಬಿಯನ್ನು ತೆರೆಸಿ ನೋಡಿ ಒಳಗೆ ಬಿಡುತ್ತಿದ್ದ.

ಕುಮಾರೇಶನಿಗೆ ನಾಚಿಕೆಯಾಯಿತು. ಹೆಂಡತಿ ಮೇಲೆ ಬಂದರೆ ನಾಚಿಕೆಯಾಗುವಂಥ ಗಂಡಸು ತಾನು ಎಂದು ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು. ಅವಳು ಮೇಲೆ ಹೋಗಲಿ, ಅವಳನ್ನು ತಡೆಯುವುದು ಬೇಡ, ನಾನೇ ಪಕ್ಕಕ್ಕೆ ಸರಿದರಾಯಿತು ಎಂದು ಲೆಕ್ಕ ಹಾಕಿ, ಬೇರೆ ವಿಭಾಗಕ್ಕೆ ವರ್ಗ ಕೇಳಲು ಶ್ರೀವತ್ಸನ ಮುಂದೆ ಹೋಗಿ ನಿಂತ.

ಶ್ರೀವತ್ಸ ಸಿಬ್ಬಂದಿ ವಿಭಾಗದ ಅಧಿಕಾರಿ. ಅಪ್ಪ ತಾತ ಎಲ್ಲ ಹೊಸೂರಿನಲ್ಲೇ ಮೇಷ್ಟರಾಗಿದ್ದವರು. ಚೆನ್ನೈನಲ್ಲಿ ತರಬೇತಿ ಮುಗಿಸಿ ಬಂದಮೇಲೆ ಅವನ ಬಾಯಲ್ಲಿ ಬದಲಾವಣೆ ಬಿಟ್ಟು ಬೇರೆ ಮಾತಿರಲಿಲ್ಲ.

"ಬದಲಾವಣೆ ಅಂದ್ರೆ ಬೆಳವಣಿಗೆ ಕುಮಾರೇಶ್. ತುಂಬಾ ಸಂತೋಷ. ಆದ್ರೆ ಕಾರಣ ಏನು ಅಂತ ಬರೀಬೇಕಲ್ಲ?"

ಪಕ್ಕದ ಕೋಣೆಯಲ್ಲೇ ಸರಳಾಳ ಸಂದರ್ಶನ ನಡೆಯುತ್ತಿತ್ತು. ನಿಜ ಹೇಳಿದರೆ, ಗಂಡನಿಗೇ ಇಷ್ಟವಿಲ್ಲವಂತೆ ಎಂದು ಅವಳ ಹೆಸರಿಗೇ ಗೀಟು ಬಿದ್ದರೆ ಏನು ಮಾಡುವುದು?

"ಬೆನ್ನುನೋವು ಸಾರ್" ಎಂದ.

ಶ್ರೀವತ್ಸ ಅವನನ್ನು ಪ್ರಥಮ ಚಿಕಿತ್ಸೆಯ ಕೋಣೆಗೆ ಕಳಿಸಿದ. ಅಲ್ಲಿ ನರ್ಸ್ ವರಲಕ್ಷ್ಮಿಯ ಕೈಯಿಂದ ಪೆನ್ನು ಕೆಳಗೆ ಬಿತ್ತು. ಕುಮಾರೇಶ ಮರ್ಯಾದಸ್ಥ, ತಟ್ಟನೆ ಬಗ್ಗಿ ಎತ್ತಿಕೊಟ್ಟ.

"ಬೆನ್ನು ಚೆನ್ನಾಗೈತೆ" ಎಂದಳು ವರಲಕ್ಷ್ಮಿ.

"ಬೆನ್ನಲ್ಲ ಸಿಸ್ಟರ್, ಕಿವಿ. ಮಿಷಿನ್ ಸದ್ದಿಗೆ ಕಿವಿ ಹೋಗ್ಬುಟ್ಟೈತೆ."

ಅವಳು ಅವನ ಬೆನ್ನ ಹಿಂದೆ ಹೋಗಿ ಪಿಸುಗುಟ್ಟಿದಳು. "ಕಾಫಿ ಕುಡೀತೀರಾ?"

"ಬ್ಯಾಡ ಸಿಸ್ಟರ್, ಈಗ್ತಾನೆ ಆಯ್ತು."

ಹೊರಗೆ ಬಂದು ತಲೆ ಮೇಲೆ ಕೈಹೊತ್ತು ಕೂತವನನ್ನು ನೋಡಿ ರಾಮಮೂರ್ತಿಗೇ ಕನಿಕರ ಬಂತು. ಬೆಳಗ್ಗೆ ಉಪ್ಪು ಸವರಿದವನೇ ಈಗ ಮದ್ದು ಕೊಟ್ಟ. ಅವನ ಜೇಬಿನಲ್ಲಿ ಯಾವಾಗಲೂ ನಶ್ಯದ ಡಬ್ಬಿ ಇರುತ್ತಿತ್ತು. "ಇಷ್ಟು ಏರಿಸ್ಕೊಂಡು ಹೋಗ್ಲಾ. ಮಿಷಿನ್ನಿಗೆ ಸುರಿಯೋ ಎಣ್ಣೆನೀರು ಮೂಗಿಗೆ ಆಗ್ತಿಲ್ಲ ಅನ್ನು."

ಒಂದು ಚಿಟಿಕೆ ಸಾಕಾಗಿತ್ತು. ಕುಮಾರೇಶ ಎರಡು ಏರಿಸಿದ. ಶ್ರೀವತ್ಸನ ಮೇಜಿನ ಮುಂದೆ ಅವನು ಸೀನಿದ ರಭಸಕ್ಕೆ ಕಾಗದಗಳು ಹಾರಿದವು. ಮನೆಯಲ್ಲಾದರೆ ಅವನು ಸೀನಿದ ಕೂಡಲೇ ಅತ್ತೆ ಸೊಸೆ ಒಟ್ಟಿಗೆ "ನೂರು ವರ್ಸ" ಎಂದು ಹರಸುತ್ತಿದ್ದರು. ಇಲ್ಲಿ ಶ್ರೀವತ್ಸ ಕುರ್ಚಿ ಹಿಂದಕ್ಕೆ ಎಳೆದುಕೊಂಡು ಮೂಗಿಗೆ ಕರವಸ್ತ್ರ ಹಿಡಿದ.

"ಸಾಕು, ಸಾಕು. ಎಣ್ಣೆ ಇಲ್ಲದ ಜಾಗ ಅಂದ್ರೆ ಪ್ಯಾಕಿಂಗ್ ಒಂದೇ. ಅಲ್ಲಿ ಸಂಬಳ ಸ್ವಲ್ಪ ಕಮ್ಮಿ. ಒಂದು ವರ್ಷ ವಾಪಸ್ ಬರೋ ಹಾಗಿಲ್ಲ. ಒಪ್ಪಿಗೇನಾ?"

ಕುಮಾರೇಶ ಸೀನುತ್ತಲೇ ಸಹಿ ಹಾಕಿದ. ಮಧ್ಯಾಹ್ನದ ಶಿಫ್ಟಿನಿಂದಲೇ ಪ್ಯಾಕಿಂಗಿಗೆ ಹೋಗಬೇಕೆಂದಾಯಿತು. ಹೊರಡುವ ಮುನ್ನ ಏಳನೇ ಮಿಷಿನ್ನನ್ನು ಬಟ್ಟೆಯಿಂದ ಒರೆಸಿದ. ಇಷ್ಟು ವರ್ಷ ಅನ್ನ ಕೊಟ್ಟ ಮಿಷಿನ್ನು, ಬಿಟ್ಟು ಹೋಗಲು ಸಂಕಟವಾಯಿತು. ಊಟದ ಹೊತ್ತಿಗೆ ಸರಳಾ ಆಯ್ಕೆಯಾದಳೆಂಬ ಸುದ್ದಿ ಕ್ಯಾಂಟೀನಿನ ಬಾಗಿಲಿನಲ್ಲಿ ತೂರಿ ಬಂತು. ಅವನು ಎದ್ದು ನಿಂತು ಚಪ್ಪಾಳೆ ತಟ್ಟಿದ. ಈಗ ಅವನ ಸಂತೋಷದಲ್ಲಿ ಹುಳಿ ಇರಲಿಲ್ಲ.

ಪ್ಯಾಕಿಂಗ್ ಎಂದರೆ ಮಾಳಿಗೆ ಎತ್ತರ ಪೇರಿಸಿದ ರಟ್ಟಿನ ಪೆಟ್ಟಿಗೆಗಳು, ಅವುಗಳ ಧೂಳು, ಮತ್ತು ಅಲ್ಲೇ ತಲೆ ನರೆತ ಗೋಪಾಲಪ್ಪ.

"ಬಾರಪ್ಪ. ನಮ್ಗೂ ಇವತ್ತೇ ಹೊಸ ಮ್ಯಾನೇಜರ್ ಬತ್ತಾರಂತೆ" ಎಂದ ಗೋಪಾಲಪ್ಪ.

"ಯಾರ್ ಬಂದ್ರೇನು ಬುಡಣ್ಣ, ಕೆಲ್ಸ ಮಾಡೋನಿಗೆ" ಎಂದು ಕುಮಾರೇಶ ಹಾಯಾಗಿ ಕೈಕಾಲು ಮುರಿದುಕೊಂಡ.

ಆಗ ಶ್ರೀವತ್ಸ ಬಂದ. ಅವನ ಹಿಂದೆ, ಹೊಸ ಬಿಳಿ ಕೋಟು ತೊಟ್ಟು ಸರಳಾ ಬಂದಳು.

"ಕೇಳಿ ಎಲ್ರೂ. ಮಿಷಿನ್ ಶಾಪೇ ಕೊಡ್ತೀವಿ ಅಂದ್ರೂ ಇವರು ಬೇಡ ಅಂದ್ರು. ಪ್ಯಾಕಿಂಗಲ್ಲಿ ಖಾಲಿ ಇರೋ ಮ್ಯಾನೇಜರ್ ಜಾಗಾನೇ ಕೊಡಿ, ಅಲ್ಲೇ ಸುಧಾರಣೆ ಆಗ್ಬೇಕಾಗಿರೋದು ಅಂತ ತಾವಾಗೇ ಕೇಳಿ ತಗೊಂಡ್ರು. ಇದಪ್ಪ ನಾಯಕತ್ವ ಅಂದ್ರೆ." ಅಷ್ಟರಲ್ಲಿ ಅವನ ಕಣ್ಣು ಕುಮಾರೇಶನ ಮೇಲೆ ಬಿತ್ತು. ಅವನು ತಡವರಿಸಿ, ಎರಡೂ ಆದೇಶಕ್ಕೆ ಸಹಿ ಬಿದ್ದಾಗಿದೆ ಎಂದು ಯಾರಿಗೋ ಹೇಳುವಂತೆ ಹೇಳಿಕೊಂಡು ಬೇಗ ಜಾಗ ಖಾಲಿ ಮಾಡಿದ.

ಸರಳಾ ಗಂಡನನ್ನು ಪೆಟ್ಟಿಗೆಗಳ ಮರೆಗೆ ಕರೆದಳು.

"ನೀವ್ಯಾಕ್ರೀ ಇಲ್ಲಿ?"

"ನಿನ್ ಕೈಕೆಳಗೆ ಇರ್ಬಾರ್ದು ಅಂತ ಬಂದೆ. ನೀನ್ಯಾಕೆ?"

"ನಿಮ್ ಮೇಲೆ ಇರ್ಬಾರ್ದು ಅಂತ ಬಂದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಿಷಿನ್ ಶಾಪು ನಿಂಗೆ ಇಷ್ಟ ಇತ್ತಲ್ವಾ?"

"ಇತ್ತು" ಎಂದಳು ಸರಳಾ, ಅಷ್ಟೇ.

ಆ ಒಂದು ಮಾತು ಬಸ್ಸಿನ ನಗುವಿಗಿಂತ ಹೆಚ್ಚು ಚುಚ್ಚಿತು. ಸದ್ದು ಕೇಳಿಯೇ ಯಾವ ಮಿಷಿನ್ನಿಗೆ ಯಾವ ರೋಗ ಎಂದು ಹೇಳುವವಳು ಅವಳು. ಅವಳ ದಾರಿಗೆ ಅಡ್ಡ ಬರಬಾರದೆಂದು ಇವನು ಸರಿದದ್ದೇನೋ ಸರಿ. ಆದರೆ ಇವನಿಗೆ ನಾಚಿಕೆಯಾದೀತೆಂದು ಅವಳು ಇವನಿಗಿಂತ ಮುಂಚೆಯೇ ಊಹಿಸಿ, ಬೇಕಾದದ್ದನ್ನು ಕೈಬಿಟ್ಟು ಬಂದಿದ್ದಳು. ಒಂದೇ ಮನೆಯಲ್ಲಿ ಒಂದೇ ಮುದ್ದೆ ಉಣ್ಣುವವರು ಒಂದು ಮಾತು ಕೇಳಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

"ತಪ್ಪು ನಂದೇ ಕಣೆ" ಎಂದ.

"ಮನೇಲಿ ಮಾತಾಡಾನ. ಈಗ ಸಾಲಿಗೆ ನಿಂತ್ಕಳಿ" ಎಂದಳು ಅವಳು.

ಗಂಟೆ ಹೊಡೆಯಿತು. ಸಾಲು ನಿಂತಿತು. ಸರಳಾ ಹೆಸರು ಕೂಗುತ್ತ ಬಂದಳು. ಗೋಪಾಲಪ್ಪ ಇದ್ದೀನಿ ಎಂದ, ಅವನ ಆಚೆಯವರು ಇದ್ದೀವಿ ಎಂದರು. ಕೊನೆಯಲ್ಲಿ ನಿಂತವನ ಮುಂದೆ ಬಂದು ಅವಳು ನಿಂತಳು. ಅವಳು ಗಂಡನ ಹೆಸರು ಹೇಳುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ಶಿಫ್ಟಿನಲ್ಲಿ ಪೆಟ್ಟಿಗೆಗೆ ಟೇಪು ಹರಿಯುತ್ತಿದ್ದವರೂ ಕೈ ನಿಲ್ಲಿಸಿದರು. ಇಲ್ಲಿ ಓಲಗವೂ ಇರಲಿಲ್ಲ.

"ಕುಮಾರೇಶ್" ಎಂದಳು ಸರಳಾ.

ತನ್ನ ಹೆಸರು ಇಷ್ಟು ಚೆನ್ನಾಗಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಇದ್ದೀನಿ ಎನ್ನಲು ಬಾಯಿ ತೆರೆದವನು ಜೋರಾಗಿ ಸೀನಿಬಿಟ್ಟ. ನಶ್ಯದ ಕಾವು ಯಾವಾಗಲೋ ಇಳಿದುಹೋಗಿತ್ತು. ಇದು ರಟ್ಟಿನ ಧೂಳು, ನಿಜವಾದ ಸೀನು.

"ನೂರು ವರ್ಸ" ಎಂದಿತು ಸರಳಾಳ ಬಾಯಿ, ಅಭ್ಯಾಸಬಲದಿಂದ.

ಪೆಟ್ಟಿಗೆಗಳು ಅಲುಗುವಂತೆ ಎಲ್ಲರೂ ನಕ್ಕರು. "ನಮ್ಗೂ ಹಿಂಗೇ ಅಂತೀರಾ ಮೇಡಂ?" ಎಂದ ಗೋಪಾಲಪ್ಪ.

"ನಿಮ್ಗೆ ಸೀನೇ ಬರ್ದಂಗೆ ಮಾಡ್ತೀನಿ ಗೋಪಾಲಣ್ಣ. ಈ ಧೂಳಲ್ಲಿ ಇಷ್ಟು ದಿನ ಹೆಂಗಿದ್ರೋ. ಎಲ್ಲಾರ್ಗೂ ಮೂಗಿಗೆ ಕಟ್ಟೋ ಮಾಸ್ಕ್ ನಾಳೇನೇ ತರಿಸ್ತೀನಿ." ನಗು ತಾನಾಗಿ ನಿಂತಿತು. ಗೋಪಾಲಪ್ಪ ನೆಟ್ಟಗೆ ನಿಂತುಕೊಂಡ. ಅವಳು ತಿರುಗಿ ಈ ಬಾರಿ ತಡೆಯಿಲ್ಲದೆ, "ಕುಮಾರೇಶ್, ಷೂ ದಾರ ಬಿಚ್ಚೋಗಿದೆ, ಕಟ್ಕೊಳ್ಳಿ" ಎಂದಳು.

ಅವನು ಬಗ್ಗಿ ದಾರ ಕಟ್ಟಿಕೊಂಡ. ಸಂಬಳ ಇಳಿದಿತ್ತು, ಮಿಷಿನ್ನು ಹೋಗಿತ್ತು, ಹೆಂಡತಿಯೇ ಮೇಲಧಿಕಾರಿಯಾಗಿದ್ದಳು, ಮೂಗು ಮತ್ತೆ ತುರಿಸುತ್ತಿತ್ತು. ಅವ್ವನಿಗೆ ಏನು ಹೇಳುವುದೆಂಬುದು ಮಾತ್ರ ಹೊಳೆದಿತ್ತು. ಒಂದು ಸಲ ಹೆಸರು ಕೂಗಿದರೆ ಎಷ್ಟು ಆಯಸ್ಸು ಹೋಗುತ್ತದೋ ಯಾರು ಕಂಡರು, ಒಂದು ಸೀನಿಗಂತೂ ನೂರು ವರ್ಷ ಸಿಗುತ್ತದೆ. ಈ ಪ್ಯಾಕಿಂಗಿನಲ್ಲಿ, ಸರಳಾಳ ಕೈಕೆಳಗೆ, ತನಗೆ ಬೇಕೆಂದರೂ ಸಾವಿಲ್ಲ.