ನಾಲ್ಕು ಮೀಟರ್ ಬೀಳ್ಕೊಡುಗೆ

ಮಂಗಳವಾರ ಸಂಜೆ ರೊಟ್ಟಿ ಅಂಗಡಿಯ ಸಾಲಿನಲ್ಲಿ ಮಮೆಲ್ಲೊ ಆ ಮಾತು ಆಡಬಾರದಿತ್ತು.

"ಯಾಕೆ ಕುಂಟ್ತಾ ಇದೀಯೆ?" ಎಂದು ಹಿಂದೆ ನಿಂತಿದ್ದ ಮಪಸೆಕ ಕೇಳಿದಳು. ಅವಳು ಪಕ್ಕದ ಮನೆಯವಳು, ಬೀದಿಗೆಲ್ಲ ಹಿರಿಯಕ್ಕ, ಅವರ ಮಾತಿನಲ್ಲಿ 'ಔಸಿ'.

"ಮೊಣಕಾಲು, ಔಸಿ. ಇನ್ನೆಷ್ಟು ದಿನ ಹಾರ್ತೀನೋ ಏನೋ."

ಅಷ್ಟೇ ಅಂದದ್ದು. ಆ ಮಾತು ಬೊಟ್ಶಬೆಲೊ ಊರಿನ ಆ ಬೀದಿಯ ತುದಿ ಮುಟ್ಟುವಷ್ಟರಲ್ಲಿ, "ಮಮೆಲ್ಲೊ ಶನಿವಾರದ ಕ್ರೀಡಾಕೂಟ ಮುಗಿಸಿ ನಿವೃತ್ತಿ ಆಗ್ತಾಳಂತೆ" ಎಂದಾಗಿತ್ತು. ಬೀದಿಯಲ್ಲಿ ಡೇರೆ, ಕುರ್ಚಿ, ದೊಡ್ಡ ಹಂಡೆ ಎಲ್ಲವೂ ಇದ್ದ ಸಂಸ್ಥೆ ಒಂದೇ, ಶವಸಂಸ್ಕಾರ ಸಂಘ. ಅದರ ಅಧ್ಯಕ್ಷರಾದ, ಎಲ್ಲರೂ ಅಪ್ಪನ ಹಾಗೆ 'ನ್ತಾತೆ' ಎನ್ನುವ ಹಳೆಯ ಹೆಡ್‌ಮಾಸ್ಟರ್ ಸೆಕೋತೊ ಬೀಳ್ಕೊಡುಗೆಯ ಹೊಣೆ ಹೊತ್ತುಕೊಂಡರು. ಮಮೆಲ್ಲೊಳನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅವಳು ಹದಿನೆಂಟು ವರ್ಷದಿಂದ ಪೋಲ್‌ವಾಲ್ಟ್ ಹಾರುತ್ತಿದ್ದಳು. ಹದಿನಾರನೇ ವಯಸ್ಸಿನಲ್ಲಿ, ಜೋಳದ ದಂಟು ತುಂಬಿದ ಚೀಲಗಳ ಮೇಲೆ ಬೀಳುತ್ತಾ ಕಲಿತವಳು. ಎರಡು ಹಲ್ಲು, ಒಂದು ಮಣಿಕಟ್ಟು ಮುರಿದುಕೊಂಡರೂ ಮೈದಾನ ಬಿಟ್ಟಿರಲಿಲ್ಲ. ಊರಿಂದೂರಿಗೆ ಹೋಗುವಾಗ ಕೋಲನ್ನು ಟ್ಯಾಕ್ಸಿಯ ನೆತ್ತಿಗೆ ಕಟ್ಟಿ, ಅದರ ಬಾಲಕ್ಕೆ ಕೆಂಪು ಬಟ್ಟೆ ಸುತ್ತುವಳು. "ಇಷ್ಟು ಉದ್ದದ ಗಂಡನ್ನ ಯಾವೂರಿಂದ ತಂದೆ?" ಎಂದು ಡ್ರೈವರ್‌ಗಳು ಕೆಣಕಿದರೆ, "ಇವನು ನಿಮ್ಮ ಹಾಗೆ ಬಾಯಿ ಬಿಡಲ್ಲ, ಅದಕ್ಕೇ ಇಟ್ಕೊಂಡಿದೀನಿ" ಎನ್ನುವಳು. ಬೆಳಿಗ್ಗೆ ಐದಕ್ಕೆ ಅಭ್ಯಾಸ, ಎಂಟಕ್ಕೆ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ. ಆರು ಸಲ ಪ್ರಾಂತ್ಯಕ್ಕೇ ಮೊದಲಿಗಳು. ಆದರೆ ನಾಲ್ಕು ಮೀಟರ್ ಮಾತ್ರ ಎಂದೂ ದಾಟಿರಲಿಲ್ಲ.

ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಮೂರು ಟ್ಯಾಕ್ಸಿ ತುಂಬ ಜನ. ಚರ್ಚಿನ ಬಟ್ಟೆ ತೊಟ್ಟ ಹೆಂಗಸರು, ಶುಂಠಿ ಪಾನಕದ ಬಕೆಟ್ಟುಗಳು.

"ನ್ತಾತೆ, ನಾನು ಆಟ ಬಿಡ್ತೀನಿ ಅಂದಿಲ್ಲ," ಎಂದು ಮಮೆಲ್ಲೊ ಸೆಕೋತೊ ಅವರ ಮುಂದೆ ಮೆಲ್ಲಗೆ ಹೇಳಿದಳು.

"ಸಂಕೋಚ ಪಡಬೇಡ ಮಗಳೇ. ಕುರಿ ಕುಯ್ದಾಯ್ತು."

ಕುರಿ ಕುಯ್ದಾದ ಮೇಲೆ ವಾದಿಸುವುದು ಹೇಗೆ? ಆಕಾಶದಲ್ಲಿ ತಲೆಕೆಳಗಾಗಿ ನೇತಾಡಲು ಹೆದರದವಳಿಗೆ ಹಿರಿಯರೆದುರು ನಾಲಗೆ ಏಳಲಿಲ್ಲ. ಟ್ಯಾಕ್ಸಿಯಲ್ಲಿ ಕೂತು ಒಂದೇ ದಾರಿ ಯೋಚಿಸಿದಳು. ಇವತ್ತು ನಾಲ್ಕು ಮೀಟರ್ ಹಾರಬೇಕು. ಅಷ್ಟು ಹಾರಿದವಳನ್ನು ಯಾರು ತಾನೇ ಮನೆಗೆ ಕಳಿಸುತ್ತಾರೆ?

ಮೈದಾನದ ಅಂಚಿಗೆ ಡೇರೆ ಎದ್ದಿತು. ಸೆಕೋತೊ ಮೈಕು ಹಿಡಿದು ಅಭ್ಯಾಸ ಶುರುಮಾಡಿದರು. ಇಪ್ಪತ್ತು ವರ್ಷ ಮಣ್ಣು ಮಾಡುವ ಕಡೆಯೇ ಮಾತಾಡಿದ ಅವರಿಗೆ ಬರುತ್ತಿದ್ದದ್ದು ಒಂದೇ ಬಗೆಯ ಭಾಷಣ.

"ನಮ್ಮ ಪ್ರೀತಿಯ ಮಮೆಲ್ಲೊ ಒಳ್ಳೆಯ ಹೆಂಗಸಾಗಿದ್ದಳು. ಯಾರಿಗೂ ಕೆಡುಕು ಬಯಸಿದವಳಲ್ಲ..."

"ಬದುಕಿದೀನಿ, ನ್ತಾತೆ!" ಎಂದು ಮಮೆಲ್ಲೊ ಓಟದ ದಾರಿಯಿಂದಲೇ ಕೂಗಿದಳು.

ಒಂದೊಂದು ಎತ್ತರಕ್ಕೆ ಮೂರೇ ಅವಕಾಶ. ಮೂರೂ ಸಲ ಅಡ್ಡಪಟ್ಟಿ ಕೆಡವಿದರೆ ಆಟದಿಂದ ಹೊರಗೆ. ಮೂರು ಮೀಟರ್ ಎಂಬತ್ತಕ್ಕೆ ಅವಳು ಎರಡು ಸಲ ಕೆಡವಿದಳು. ಡೇರೆಯಲ್ಲಿ ಸೆಕೋತೊ ಗಂಟಲು ಸರಿಮಾಡಿಕೊಂಡರು, ಹೆಂಗಸರು ಹಂಡೆಯ ಮುಚ್ಚಳ ತೆಗೆದರು. ಮೂರನೇ ಸಲ ದಾಟಿದಳು. ಮುಚ್ಚಳ ಮುಚ್ಚಿದರು. ತೊಂಬತ್ತಕ್ಕೂ ಇದೇ ಕತೆ.

"ಬೇಗ ಬೀಳೇ ತಾಯಿ, ಸಾರು ತಣ್ಣಗಾಗ್ತಿದೆ!" ಎಂದು ಮಪಸೆಕ ಅಕ್ಕರೆಯಿಂದಲೇ ಕೂಗಿದಳು.

ಮಮೆಲ್ಲೊಳ ಅರ್ಧ ವಯಸ್ಸಿನ ಹುಡುಗಿಯರೆಲ್ಲ ಸೋತು ಕೂತಾಗಿತ್ತು. ಒಬ್ಬಳೇ ಉಳಿದ ಅವಳು ಪಟ್ಟಿಯನ್ನು ನಾಲ್ಕಕ್ಕೆ ಏರಿಸಲು ಹೇಳಿದಳು. ಮೊದಲ ಸಲ ಎದೆ ತಾಗಿತು. ಎರಡನೇ ಸಲ ಮೊಣಕಾಲು. ಮೈಕಿನಲ್ಲಿ, "ಬಂಧುಗಳೇ, ಆ ಗಳಿಗೆ ಬಂದೇಬಿಟ್ಟಿತು..." ಎಂದು ದನಿ ಕೇಳಿತು.

ಮಮೆಲ್ಲೊಗೆ ರೇಗಿತು. ಕೋಲೆತ್ತಿ ಓಡಿದಳು. ನೋವಿನ ಕಾಲು ಕುಂಟುವುದನ್ನೇ ಮರೆತಿತು. ತುದಿ ನೆಲದ ಗುಳಿಗೆ ಬಡಿದು ಕೋಲು ಬಿಲ್ಲಿನಂತೆ ಬಾಗಿತು, ಆಮೇಲೆ ಅವಳನ್ನು ಮೇಲಕ್ಕೆಸೆಯಿತು. ಕಾಲು ಮೊದಲು, ಸೊಂಟ ಆಮೇಲೆ, ಕೊನೆಗೆ ಹೊಗೆಯ ಹಾಗೆ ಹಗುರಾಗಿ ಎದೆ ದಾಟಿತು. ಪಟ್ಟಿಯಾಚೆಯ ಮೆತ್ತನೆ ಹಾಸಿನ ಮೇಲೆ ಬಿದ್ದು ಕಣ್ಣು ಬಿಟ್ಟಳು. ಪಟ್ಟಿ ಅಲ್ಲೇ ಇತ್ತು.

ಮೈದಾನವೇ ಎದ್ದು ಕುಣಿಯಿತು. ಹೆಂಗಸರು ನಾಲಗೆ ಕುಣಿಸಿ ಉಲಿದರು, ತೀರ್ಪುಗಾರ ಟೋಪಿ ಎಸೆದ. ಮಮೆಲ್ಲೊ ಗೆದ್ದ ನಗೆಯಲ್ಲಿ ಡೇರೆಗೆ ಬಂದಳು. ಇನ್ನು ಯಾರು ಕಳಿಸ್ತಾರೋ ನೋಡೋಣ!

ಸೆಕೋತೊ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿದ್ರಾ? ಹೋದ್ರೆ ಹೀಗೆ ಹೋಗಬೇಕು! ಇದಕ್ಕಿಂತ ಒಳ್ಳೆ ದಿನ ಸಿಗುತ್ತಾ ನಿವೃತ್ತಿಗೆ?"

ಮಮೆಲ್ಲೊ ಮೈಕು ಕಿತ್ತುಕೊಂಡಳು. "ನಾನು ಎಲ್ಲಿಗೂ ಹೋಗ್ತಿಲ್ಲ! ಮುಂದಿನ ವರ್ಷಾನೂ ಹಾರ್ತೀನಿ!"

ಡೇರೆಯೆಲ್ಲ ಬಿಕ್ಕಿತು. "ಪಾಪ, ಬಿಟ್ಟು ಹೋಗೋಕೆ ಮನಸ್ಸೇ ಬರ್ತಿಲ್ಲ," ಎಂದು ಮಪಸೆಕ ಅವಳನ್ನು ತಬ್ಬಿ, ಕಳಿಸಿಕೊಡುವಾಗ ಹೇಳುವ ಸ್ತೋತ್ರ ಎತ್ತಿದಳು. ಮೈದಾನದ ಮುನ್ನೂರು ಜನ, ಚರ್ಚಿನಲ್ಲಿ ಹಾಡುವಂತೆ, ನಾಲ್ಕು ಸ್ವರದ ಗುಂಪುಗಳಾಗಿ ಕೂಡಿಕೊಂಡರು. ಮಮೆಲ್ಲೊ ಚಿಕ್ಕಂದಿನಿಂದ ಎರಡನೇ ಸ್ವರದವಳು. ಅವಳಿಲ್ಲದೆ ಆ ಸ್ವರ ಇಂದು ಕೊಂಚ ತೆಳುವಾಗಿ ಕೇಳುತ್ತಿತ್ತು. ತುಟಿ ಬಿಗಿಹಿಡಿದಳು. ಎರಡನೇ ಸಾಲಿಗೆ ಗಂಟಲು ತಾನಾಗಿಯೇ ತೆರೆದುಕೊಂಡಿತು. ತನ್ನ ಬೀಳ್ಕೊಡುಗೆಯನ್ನು ತಾನೇ ಹಾಡಿ ಮುಗಿಸಿದಳು.

ಸೋಮವಾರ ಬೆಳಿಗ್ಗೆ ಐದಕ್ಕೆ ಕೋಲು ಹೆಗಲಿಗೇರಿಸಿ ಮೈದಾನಕ್ಕೆ ಬಂದಾಗ ಕಾವಲುಗಾರ ಎದ್ದು ಸಲಾಮು ಹೊಡೆದ. ಗೇಟು ಮಾತ್ರ ತೆಗೆಯಲಿಲ್ಲ.

"ಇದು ಆಟಗಾರರ ಗೇಟು, ಔಸಿ. ನಿವೃತ್ತರಿಗೆ ಆ ಕಡೆ ಗ್ಯಾಲರಿ ಗೇಟು. ಒಂಬತ್ತಕ್ಕೆ ತೆಗೀತಾರೆ."

"ನಾನು ನಿವೃತ್ತಿ ಅಂತ ಯಾರಪ್ಪಾ ಹೇಳಿದ್ದು?"

"ನಾನೇ ಅಲ್ಲಿದ್ನಲ್ಲ! ನೀವೇ ಹಾಡಿದ್ರಲ್ಲ! ಎಷ್ಟು ಚೆನ್ನಾಗಿ ಹಾಡಿದ್ರಿ!"

ಮಮೆಲ್ಲೊ ಹೆಗಲಿನ ಕೋಲನ್ನು ಸರಿಯಾಗಿ ಹಿಡಿದುಕೊಂಡು, ಗೇಟಿನ ಪಕ್ಕದ ಗೋಡೆ ಎಷ್ಟೆತ್ತರ ಇದ್ದೀತೆಂದು ಕಣ್ಣಲ್ಲೇ ಅಳೆಯತೊಡಗಿದಳು.