ಬಂದರಿನಲ್ಲೇ ನಿಂತು ದ್ವೀಪ ಮುಟ್ಟಿದ ಹಡಗು

ಬಹಳ ಹಿಂದೆ, ಅಂದರೆ ಪಾಸ್‌ವರ್ಡ್ ಮರೆತವರನ್ನು ಗಡೀಪಾರು ಮಾಡುವ ಕಾನೂನು ಇನ್ನೂ ಬಾರದಿದ್ದ ಕಾಲದಲ್ಲಿ, ಸಮುದ್ರದ ಅಂಚಿಗೆ ತೆರೆಮಂಗಲವೆಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಸಪ್ತಸಾಗರಾಧೀಶ್ವರ ತರಂಗರಾಯರು. ಬಿರುದಿನಲ್ಲಿ ಏಳು ಸಾಗರಗಳಿದ್ದರೂ ದೋಣಿಯಲ್ಲಿ ಕಾಲಿಟ್ಟರೆ ಪ್ರಭುಗಳಿಗೆ ವಾಂತಿಯಾಗುತ್ತಿತ್ತು. ಆದ್ದರಿಂದ ಅವರು ಸಮುದ್ರವನ್ನು ಅರಮನೆಯ ಉಪ್ಪರಿಗೆಯಿಂದಲೇ ಆಳುತ್ತಿದ್ದರು.

ಹಡಗು ಕಟ್ಟುವ ರಾಜಾಂಗಣಕ್ಕೆ ದುಗ್ಗಪ್ಪಯ್ಯ ಎಂಬವನು ಅಧ್ಯಕ್ಷ. ಕೆಲಸ ಬಲ್ಲವನು, ಕೆಟ್ಟವನೇನಲ್ಲ. ಅರಮನೆಯ ಮೆಟ್ಟಿಲು ಹತ್ತುವಾಗ ಮಾತ್ರ ಅವನ ಬೆನ್ನುಮೂಳೆ ಹೊರಗೆ ಚಪ್ಪಲಿಯ ಜೊತೆಗೆ ಉಳಿದುಬಿಡುತ್ತಿತ್ತು. ರೇಷ್ಮೆ ಪೇಟವೊಂದು ತನಗೆ ಬರುವುದರಲ್ಲಿದೆ ಎಂದು ಯಾರೋ ಕಿವಿಯಲ್ಲಿ ಊದಿದ ಮೇಲಂತೂ ಅವನು ಕನ್ನಡಿಯ ಮುಂದೆ ಬರಿತಲೆ ನೋಡಿ ನಿಟ್ಟುಸಿರು ಬಿಡುತ್ತಿದ್ದ.

ಆ ವರ್ಷ ಅವನ ಕೈಯಲ್ಲಿದ್ದುದು ಕುಕ್ಕುಂಜೆ ದ್ವೀಪಕ್ಕೆ ಓಡಬೇಕಾದ ಹಡಗು. ಹಳೆಯದು ಗುಜರಿಗೆ ಹೋಗಿತ್ತು. ಅವನ ಒಬ್ಬಳೇ ಮಗಳು ಜಲಜಳನ್ನು ಕೊಟ್ಟಿದ್ದು ಆ ದ್ವೀಪಕ್ಕೇ. ಅವಳೀಗ ತುಂಬು ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕು. ದ್ವೀಪದಲ್ಲಿ ಸೂಲಗಿತ್ತಿಯಿಲ್ಲ. ಮಳೆಗಾಲ ಹಿಡಿದರೆ ಕಡಲು ಯಾರನ್ನೂ ದಾಟಲು ಬಿಡುವುದಿಲ್ಲ.

ತೆರೆಮಂಗಲದಲ್ಲಿ ಒಂದು ಪದ್ಧತಿಯಿತ್ತು. ಹೊಸ ಹಡಗಿನ ಮೊದಲ ಯಾನಕ್ಕೆ ಅದನ್ನು ಕಟ್ಟಿಸಿದವನ ಮನೆಯವರೇ ಹತ್ತಬೇಕು. ಹಿಂದಿನವರು ಯಾರೋ ಬುದ್ಧಿವಂತರು ಮಾಡಿಟ್ಟದ್ದು. ಹೆಂಡತಿ ಹತ್ತುತ್ತಾಳೆಂದರೆ ಯಾವ ಗಂಡನಾದರೂ ಹಲಗೆಗಳ ಸಂದಿಗೆ ಹತ್ತಿ ತುಂಬಿಸಿ ರಾಳವನ್ನು ಸರಿಯಾಗಿಯೇ ಮೆತ್ತಿಸುತ್ತಾನಷ್ಟೆ. ದುಗ್ಗಪ್ಪಯ್ಯನ ಹೆಂಡತಿ ರುಕ್ಕಮ್ಮ ಆ ಯಾನದಲ್ಲಿ ಹೋಗಿ ಮಗಳನ್ನು ಕರೆತರುವುದೆಂದು ನಿಶ್ಚಯವಾಗಿತ್ತು. ಮಗಳಿಗಾಗಿ ಕೋಣೆಯಲ್ಲಿ ತೊಟ್ಟಿಲು ಒರೆಸಿಟ್ಟಿದ್ದಳು.

ಅಷ್ಟರಲ್ಲಿ ಪರಿವರ್ತನಾಮಾತ್ಯ ನವೀನಕೀರ್ತಿಗಳು ದೇಶಾಂತರದಿಂದ ಮರಳಿದರು. ಏನನ್ನು ಪರಿವರ್ತಿಸಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ, ಆದರೆ ಪರಿವರ್ತನೆಯ ಮೇಲೆ ಅವರ ಸ್ಲೈಡುಗಳು ಬಹಳ ಚೆನ್ನಾಗಿದ್ದವು. ಆಸ್ಥಾನದಲ್ಲಿ ಗೋಡೆಯಗಲದ ಪರದೆ ಬಿಚ್ಚಿ ಅವರು ಹಡಗೊಂದನ್ನು ತೋರಿಸಿದರು. ನೀಲಿ ನೀರಿನ ಮೇಲೆ ಅದು ಹಂಸದ ಹಾಗೆ ತೇಲುತ್ತಿತ್ತು.

"ಪ್ರಭು, ಇದು ನಮ್ಮ ಹಡಗಿನ ಡಿಜಿಟಲ್ ಅವಳಿ, ಪರದೆಯ ಮೇಲಿನ ತದ್ರೂಪು," ಎಂದರು ಅಮಾತ್ಯರು.

ತರಂಗರಾಯರು ಮುಂದಕ್ಕೆ ಬಾಗಿದರು. ಹೊಟ್ಟೆ ತೊಳಸಲಿಲ್ಲ. ಜೀವಮಾನದಲ್ಲೇ ಮೊದಲ ಬಾರಿಗೆ ಅವರು ಹಡಗೊಂದನ್ನು ಪ್ರೀತಿಸಿದರು.

"ಅವಳಿಯೆಂದ ಮೇಲೆ ಅಣ್ಣನಾರು, ತಮ್ಮನಾರು?"

"ಪರದೆಯದು ಆಗಲೇ ಸಂಪೂರ್ಣವಾಗಿದೆ ಪ್ರಭು. ಮರದ್ದು ಇನ್ನೂ ಕಟ್ಟುವ ಅಂಗಣದಲ್ಲಿದೆ."

"ಹಾಗಾದರೆ ಪರದೆಯದೇ ಅಣ್ಣ. ತಮ್ಮನಾದವನು ಅಣ್ಣನ ಮಾತು ಕೇಳತಕ್ಕದ್ದು." ಕೂಡಲೇ ರಾಜಾಜ್ಞೆ ಹೊರಟಿತು.

ಅಣ್ಣನಿಗೆ ತಮ್ಮನ ಯೋಗಕ್ಷೇಮ ತಿಳಿಯಬೇಡವೆ? ಅದಕ್ಕಾಗಿ ಮರದ ಹಡಗಿಗೆ ಸೆನ್ಸರುಗಳು ಬಂದವು. ನೀರು ಒಳಬಂದರೆ ತಕ್ಷಣ ಸುದ್ದಿ ಕೊಡುವ ಸೆನ್ಸರುಗಳು. ಅವನ್ನು ಕೂರಿಸಲು ತಳದ ಹಲಗೆಗಳನ್ನೆಲ್ಲ ಕೊರೆಯಬೇಕಾಯಿತು. ಹಲಗೆಗೆ ತೂತು ಬಿದ್ದರೆ ಏನಾಗುತ್ತದೆಂದು ದುಗ್ಗಪ್ಪಯ್ಯನಿಗೆ ಗೊತ್ತಿತ್ತು. ಅದು ಬಂದರಿನಲ್ಲಿ ಮೀನು ಮಾರುವವರಿಗೂ ಗೊತ್ತಿತ್ತು. ಅದನ್ನು ಹೇಳಲೆಂದೇ ಅವನು ಆಸ್ಥಾನದಲ್ಲಿ ಬಾಯಿ ತೆರೆದ. ಹೊರಬಂದದ್ದು "ಅದ್ಭುತ ಪ್ರಭು!" ಎಂಬ ಮಾತು.

ಹಡಗನ್ನು ನೀರಿಗಿಳಿಸಿದ ದಿನ ಸೆನ್ಸರುಗಳು ಪ್ರಾಮಾಣಿಕವಾಗಿ ಕೆಲಸ ಮಾಡಿದವು. ಆ ರಾಜ್ಯದಲ್ಲಿ ಹಾಗೆ ಮಾಡಿದ್ದು ಅವು ಮಾತ್ರ. ಅಷ್ಟೂ ತೂತುಗಳಿಂದ ನೀರು ಬರುತ್ತಿದೆಯೆಂದು ಅವು ಸುದ್ದಿ ಕೊಟ್ಟವು, ಪರದೆಯ ತುಂಬ ಕೆಂಪು ದೀಪ ಹತ್ತಿತು.

"ಏನಿದು ಅಪಶಕುನ?" ಎಂದರು ಪ್ರಭುಗಳು.

"ಹಡಗು ಸಮುದ್ರದೊಂದಿಗೆ ರಿಯಲ್ ಟೈಮ್ ಸಂವಾದ ನಡೆಸುತ್ತಿದೆ, ಪ್ರಭು," ಎಂದರು ಅಮಾತ್ಯರು.

"ಸಂವಾದವಾದರೆ ಸಂತೋಷ. ಆದರೆ ಕೆಂಪು ನನ್ನ ಕಣ್ಣಿಗಾಗದು."

ಕೆಂಪನ್ನು ರದ್ದು ಮಾಡಲಾಯಿತು. ಅಂದಿನಿಂದ ಎಲ್ಲ ದೀಪಗಳೂ ಹಸಿರು.

ಮನೆಗೆ ಬಂದ ದುಗ್ಗಪ್ಪಯ್ಯನಿಗೆ ಊಟ ಸೇರಲಿಲ್ಲ. ರುಕ್ಕಮ್ಮ ತಟ್ಟೆಯ ಮುಂದೆಯೇ ಕೂತಳು.

"ಹಡಗು ನೀರು ಕುಡಿತದಂತಲ್ಲ. ಹೌದಾ ಅಲ್ಲವಾ, ಒಂದು ಹೇಳಿ."

"ಸ್ವಲ್ಪ..."

"ಎಂತ ಸ್ವಲ್ಪ! ನಾನು ಮುಳುಗಿದರೆ ಮುಳುಗ್ತೇನೆ. ಬರುವಾಗ ಅದರಲ್ಲಿ ನಮ್ಮ ಹುಡುಗಿಯೂ ಇರ್ತಾಳಲ್ಲ ಮಾರಾಯ್ರೆ! ಮೀನಿನ ದೋಣಿಯಲ್ಲಿ ಕರ್ಕೊಂಡು ಬರುವ. ನನ್ನ ತಮ್ಮ ಹೋಗ್ತಾನಂತೆ."

"ಅಧ್ಯಕ್ಷನ ಮನೆಯವರೇ ಅಧ್ಯಕ್ಷನ ಹಡಗು ಬಿಟ್ಟು ಮೀನಿನ ದೋಣಿ ಹತ್ತಿದರೆ ಜನ ಎಂತ ಹೇಳ್ತಾರೆ?"

"ಜನ ಈಗ ಎಂತ ಹೇಳ್ತಾರಂತ ನಿಮಗೆ ಗೊತ್ತುಂಟಾ? ಹೋಗಿ, ರಾಜರ ಹತ್ರ ಸರಿಯಾಗಿ ಹೇಳಿ ಬನ್ನಿ. ಒಂದು ಸಲವಾದರೂ."

ಮರುದಿನ ಅವನು ನಿಜಕ್ಕೂ ಹೇಳಿದ. "ಪ್ರಭು, ಹಡಗು ಸೋರುತ್ತದೆ. ಮೊದಲ ಯಾನಕ್ಕೆ ಹತ್ತುವವಳು ನನ್ನ ಹೆಂಡತಿ."

ನವೀನಕೀರ್ತಿಗಳು ನಕ್ಕರು.

"ಅಧ್ಯಕ್ಷರೇ, ಮನೆಯವರು ಹಡಗು ಹತ್ತಬೇಕೆಂದು ಪದ್ಧತಿ. ಅಣ್ಣ ಹಡಗೋ ತಮ್ಮ ಹಡಗೋ ಎಂದು ಪದ್ಧತಿ ಹೇಳಿದೆಯೆ? ತಮ್ಮ ಪತ್ನಿಯವರು ಪರದೆಯ ಹಡಗಿನಲ್ಲಿ ಹೋಗಿ ಬರಲಿ. ಕಾಲೂ ಒದ್ದೆಯಾಗದು."

ದುಗ್ಗಪ್ಪಯ್ಯನಿಗೆ ಹೋದ ಜೀವ ಬಂದಂತಾಯಿತು. ರುಕ್ಕಮ್ಮ ಮುಳುಗುವುದಿಲ್ಲ! ತಾನು ಸತ್ಯ ಹೇಳಿದ್ದೂ ಆಯಿತು, ಪ್ರಭುಗಳು ಮುನಿಯದೆ ಉಳಿದದ್ದೂ ಆಯಿತು. ಆ ನಿರಾಳದಲ್ಲಿ ಅವನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಮಗಳ ನೆನಪು ಬಂದದ್ದು ಮನೆಯ ದಾರಿಯಲ್ಲಿ ಅರ್ಧ ನಡೆದ ಮೇಲೆ. ಹಿಂದಿರುಗಿ ಹೋಗಬಹುದಿತ್ತು. ಹೋಗಲಿಲ್ಲ.

ಯಾನದ ದಿನ ರುಕ್ಕಮ್ಮ ಬರುವುದಿಲ್ಲವೆಂದು ಹಟ ಹಿಡಿದಳು. ತೊಂದರೆಯೇನಾಗಲಿಲ್ಲ, ಅವಳನ್ನೂ ಚಿತ್ರಿಸಿಕೊಂಡರು. ಪರದೆಯಲ್ಲಿ ಹಡಗು ಹೊರಟಿತು, ದ್ವೀಪ ಮುಟ್ಟಿತು. ತಾಯಿಯೊಬ್ಬಳು ಇಳಿದು ತುಂಬು ಬಸುರಿಯೊಬ್ಬಳ ಕೈಹಿಡಿದು ಹತ್ತಿಸಿದಳು. ಹಡಗು ಮರಳಿ ದಡ ಸೇರಿದಾಗ ತರಂಗರಾಯರು ಕಣ್ಣೊರೆಸಿಕೊಂಡರು. "ಕಿಂಚಿತ್ತೂ ವಾಂತಿಯಾಗಲಿಲ್ಲ," ಎಂದು ಗದ್ಗದಿತರಾದರು. ಅಲ್ಲೇ ಅವರಿಗೆ ಸ್ಮಾರ್ಟ್ ಸಾಗರ ಸಾರ್ವಭೌಮ ಎಂಬ ಬಿರುದು, ದುಗ್ಗಪ್ಪಯ್ಯನಿಗೆ ರೇಷ್ಮೆ ಪೇಟ. ಮರದ ತಮ್ಮ ಬಂದರಿನ ಮೂಲೆಯಲ್ಲಿ ಹಸಿರು ದೀಪ ಬೆಳಗಿಸುತ್ತ ಕುತ್ತಿಗೆಯವರೆಗೆ ಮುಳುಗಿ ನಿಂತಿದ್ದ.

ಮತ್ತೆರಡು ಆಜ್ಞೆಗಳು ಬಂದವು. ಸ್ಮಾರ್ಟ್ ಹಡಗಿನ ಮಾರ್ಗದಲ್ಲಿ ಇನ್ನು ಮೀನಿನ ದೋಣಿ ಕಂಡರೆ ಮುಟ್ಟುಗೋಲು. ಹಡಗಿನ ಸೌಲಭ್ಯ ಪಡೆದ ದ್ವೀಪದವರೆಲ್ಲ ಪ್ರಯಾಣ ಶುಲ್ಕ ಕೊಡತಕ್ಕದ್ದು. ಜಲಜಳ ಗಂಡನ ಪಾಲಿಗೆ ಒಂದೂವರೆ ಟಿಕೆಟ್ಟು ಬಂತು, ಹೊಟ್ಟೆಯಲ್ಲಿದ್ದುದಕ್ಕೆ ಅರ್ಧ.

ರುಕ್ಕಮ್ಮನ ತಮ್ಮ ಆದರೂ ದೋಣಿ ತಳ್ಳಿದ. ದೋಣಿಯೂ ಹೋಯಿತು, ಅವನೂ ಸೆರೆಮನೆಗೆ ಹೋದ. ಕಡೆಗೆ ಸೂಲಗಿತ್ತಿ ಕಲ್ಯಾಣಕ್ಕನನ್ನಾದರೂ ದ್ವೀಪಕ್ಕೆ ಕಳಿಸಿಕೊಡಿ ಎಂದು ರುಕ್ಕಮ್ಮ ಅರಮನೆಯ ಬಾಗಿಲಿಗೆ ಹೋಗಿ ಬೇಡಿಕೊಂಡಳು. ದ್ವೀಪದಲ್ಲಿ ಬಸುರಿಯರು ಯಾರೂ ಇಲ್ಲವೆಂದು ಬಾಗಿಲಲ್ಲಿ ಕೂರಿಸಿದ್ದ ದಾಖಲೆಯ ಯಂತ್ರ ಹೇಳಿತು. ಇದ್ದ ಒಬ್ಬಾಕೆ ತವರಿಗೆ ಬಂದಾಗಿದೆಯಂತೆ.

ಮೊದಲ ಮಳೆ ಹನಿಯುವ ಹೊತ್ತಿಗೆ ಕಲ್ಯಾಣಕ್ಕ ಬಂದಳು. ದ್ವೀಪಕ್ಕಲ್ಲ, ದುಗ್ಗಪ್ಪಯ್ಯನ ಮನೆಗೆ. ಅಧ್ಯಕ್ಷರ ಮಗಳ ಹೆರಿಗೆ ಮುಗಿಯುವ ತನಕ ಅಲ್ಲಿಂದ ಕದಲಬಾರದೆಂದು ಪ್ರಭುಗಳ ಅಪ್ಪಣೆಯಾಗಿತ್ತು. ಜೊತೆಗೆ ಅರಮನೆಯ ದೂತನೂ ಬಂದು ಬಾಗಿಲಲ್ಲಿ ನಿಂತಿದ್ದ. ಮಗಳು ಹೇಗಿದ್ದಾಳೆಂದು ಪ್ರಭುಗಳು ಕೇಳಿ ಕಳಿಸಿದ್ದರು.

ಕಲ್ಯಾಣಕ್ಕ ಒಳಗೆ ಇಣುಕಿದಳು. "ಹುಡುಗಿ ಎಲ್ಲಿ ಅಯ್ಯಾ?"

ಕಡಲು ಆಗಲೇ ಬೊಬ್ಬಿಡುತ್ತಿತ್ತು. ದುಗ್ಗಪ್ಪಯ್ಯ ದೂತನ ಮುಖ ನೋಡಿದ. ಕೈ ತಾನಾಗಿಯೇ ಮೇಲೆ ಹೋಗಿ ಪೇಟವನ್ನು ನೆಟ್ಟಗೆ ಮಾಡಿತು.

"ಒಳಗೆ ಮಲಗಿದ್ದಾಳೆ," ಎಂದ. "ಚೆನ್ನಾಗಿದ್ದಾಳೆ."

ದೂತ ತಲೆದೂಗಿ ಹೊರಟುಹೋದ. ಕಲ್ಯಾಣಕ್ಕ ಖಾಲಿ ಹಾಸಿಗೆಯ ಪಕ್ಕದಲ್ಲಿ ಚೀಲವಿಟ್ಟು ಕೂತಳು. ರುಕ್ಕಮ್ಮ ಗಂಡನನ್ನು ದಾಟಿಕೊಂಡು ಮಳೆಯಲ್ಲೇ ಬಂದರಿನ ಕಡೆಗೆ ನಡೆದಳು.